ಒಂದೇ ಮೊಬೈಲಿನಲ್ಲಿ ಬಿಸಿಗಾಳಿ, ಅದರಲ್ಲೇ ಆಲಿಕಲ್ಲು!

[ತೆರೆಯ ಮೇಲೆ: ಮೊಬೈಲಿನ ಪರದೆ. ಒಂದರ ಕೆಳಗೊಂದು ಎರಡು ಎಚ್ಚರಿಕೆಗಳು.]

ನಮಸ್ಕಾರ. ಅಮೆರಿಕದ ಡೆನ್ವರ್ ಹತ್ತಿರ ವಾಸವಾಗಿರುವ ನಮ್ಮ ವೀಕ್ಷಕರೊಬ್ಬರು ಜುಲೈ ತಿಂಗಳಲ್ಲಿ ಈ ಚಿತ್ರ ಕಳುಹಿಸಿದ್ದರು. ಮೇಲಿನದು ಬಿಸಿಲಿನ ಎಚ್ಚರಿಕೆ: ಹೊರಗೆ ಹೋಗಬೇಡಿ, ನೀರು ಕುಡಿಯುತ್ತಿರಿ. ಕೆಳಗಿನದು ಗುಡುಗು ಮಳೆಯ ಮುನ್ಸೂಚನೆ: ಸಂಜೆ ಜೋರು ಗಾಳಿ, ದೊಡ್ಡ ಆಲಿಕಲ್ಲು ಬೀಳಬಹುದು. ಅವರ ಪ್ರಶ್ನೆ ಒಂದೇ ಸಾಲು: "ಸರ್, ಇವರು ಯಾವುದಾದರೂ ಒಂದು ತೀರ್ಮಾನಕ್ಕೆ ಬರಬಾರದೇ?"

ಮೊದಲು ನಕ್ಕು ಸುಮ್ಮನಾದೆ. ಆಮೇಲೆ ಪ್ರಶ್ನೆ ತಲೆಗೆ ಹತ್ತಿಕೊಂಡಿತು. ನಮ್ಮ ಮನೆಗಳಲ್ಲಿ ಹಿರಿಯರು ಹೇಳುತ್ತಾರಲ್ಲ, "ಇಷ್ಟೊಂದು ಸೆಕೆ ಆಗುತ್ತಿದೆ ಎಂದರೆ ಸಂಜೆ ಮಳೆ ಗ್ಯಾರಂಟಿ" ಎಂದು? ಆ ಮಾತು ಡೆನ್ವರ್‌ನಲ್ಲಿ ಅರ್ಧ ಮಾತ್ರ ನಿಜ. ಅಲ್ಲಿ ಸೆಕೆಯೇ ಮಳೆಯನ್ನು ಕರೆಯುತ್ತದೆ, ಅದೇ ಸೆಕೆಯೇ ಬಾಗಿಲಿಗೆ ಅಡ್ಡ ನಿಂತು ಮಳೆಯನ್ನು ತಡೆಯುತ್ತದೆ.

[ನಕ್ಷೆ]

ಜಾಗದ ಪರಿಚಯ ಬೇಗ ಮುಗಿಸುತ್ತೇನೆ. ರಾಕಿ ಪರ್ವತಗಳ ಪೂರ್ವಕ್ಕೆ ಕೊಲರಾಡೊ, ವಯೋಮಿಂಗ್, ನೆಬ್ರಾಸ್ಕಾ, ಕಾನ್ಸಾಸ್, ಟೆಕ್ಸಾಸ್‌ನ ಉತ್ತರದ ತುದಿಯವರೆಗೆ ಹರಡಿರುವ ಎತ್ತರದ ಬಯಲನ್ನು ಹೈ ಪ್ಲೇನ್ಸ್ ಎನ್ನುತ್ತಾರೆ. ಬಯಲು ಎಂದ ಕೂಡಲೇ ಸಮುದ್ರಮಟ್ಟದ ತಗ್ಗು ಭೂಮಿ ಎಂದುಕೊಳ್ಳಬೇಡಿ. ಕಾನ್ಸಾಸ್ ರಾಜ್ಯದ ಅತಿ ಎತ್ತರದ ಸ್ಥಳದ ಹೆಸರು ಮೌಂಟ್ ಸನ್‌ಫ್ಲವರ್. ಎತ್ತರ 1,231 ಮೀಟರ್. ನಮ್ಮ ಬೆಂಗಳೂರಿಗಿಂತ ಸುಮಾರು 300 ಮೀಟರ್ ಮೇಲೆ. ಹೋಗಿ ನಿಂತರೆ ಬೆಟ್ಟವೂ ಇಲ್ಲ, ದಿಣ್ಣೆಯೂ ಇಲ್ಲ. ಹುಲ್ಲುಗಾವಲು, ಒಂದು ಬೇಲಿ, ರೈಲು ಹಳಿಯ ಮೊಳೆಗಳಿಂದ ಮಾಡಿದ ಒಂದು ಸೂರ್ಯಕಾಂತಿ ಹೂವು. ಇದಕ್ಕೆ ಮೌಂಟ್ ಎಂದು ಹೆಸರಿಟ್ಟವರ ಆತ್ಮವಿಶ್ವಾಸ ನನಗೆ ಬಹಳ ಇಷ್ಟ. ಅಲ್ಲಿಂದ ಪಶ್ಚಿಮಕ್ಕೆ ನೆಲ ಕಣ್ಣಿಗೆ ಕಾಣದಂತೆ ಏರುತ್ತಲೇ ಹೋಗಿ ಡೆನ್ವರ್ ತಲುಪುವಾಗ 1,600 ಮೀಟರ್ ದಾಟಿರುತ್ತದೆ.

ಈ ಏರು ನೆಲವೇ ಮುಖ್ಯ. ಮೆಕ್ಸಿಕೊ ಕೊಲ್ಲಿಯ ಕಡೆಯಿಂದ ಬರುವ ತೇವದ ಗಾಳಿ ಇದರ ಮೇಲೆ ಮೆಲ್ಲಗೆ ಹತ್ತುತ್ತದೆ. ದಾರಿಯಲ್ಲಿ ಸಿಗುವ ಮೆಕ್ಕೆಜೋಳದ ಹೊಲಗಳೂ ತಮ್ಮ ಪಾಲಿನ ತೇವವನ್ನು ಬಿಡುತ್ತವೆ. ಇತ್ತ ಪರ್ವತಗಳ ಮೇಲೆ, ಮೆಕ್ಸಿಕೊದ ಪ್ರಸ್ಥಭೂಮಿಯ ಮೇಲೆ ನೆಲವೇ ಎರಡು ಕಿಲೋಮೀಟರ್ ಎತ್ತರದಲ್ಲಿದೆ. ಬಿಸಿಲಿಗೆ ಕಾದ ಅಲ್ಲಿನ ಒಣ ಗಾಳಿ ಪೂರ್ವಕ್ಕೆ ಜಾರಿ ಬಂದು, ಈ ತೇವದ ಗಾಳಿಯ ನೆತ್ತಿಯ ಮೇಲೆ ಹಾಸಿಕೊಳ್ಳುತ್ತದೆ. ಕೆಳಗೆ ತೇವ, ಮೇಲೆ ಬೆಚ್ಚಗಿನ ಒಣ ಪದರ. ಕೆಳಗಿನ ಗಾಳಿಯನ್ನು ಮೇಲೇಳಲು ಬಿಡದ ಈ ಪದರವನ್ನು ಹವಾಮಾನ ತಜ್ಞರು ಕ್ಯಾಪ್ ಎನ್ನುತ್ತಾರೆ, ಅಂದರೆ ಮುಚ್ಚಳ.

ಮುಚ್ಚಳ ಎಂದರೆ ಎಲ್ಲರೂ ಕುಕ್ಕರಿನ ಉದಾಹರಣೆ ಕೊಡುತ್ತಾರೆ. ಆದರೆ ಕುಕ್ಕರಿನ ಮುಚ್ಚಳ ಕಬ್ಬಿಣದಷ್ಟು ಗಟ್ಟಿ. ಆಕಾಶದ ಮುಚ್ಚಳ ಹಾಗಿಲ್ಲ. ನನಗೆ ಸರಿಯಾದ ಉದಾಹರಣೆ ಸಿಕ್ಕಿದ್ದು ಅಡುಗೆಮನೆಯಲ್ಲಿ, ಮುದ್ದೆ ಮಾಡುವಾಗ.

[ದೃಶ್ಯ: ಒಲೆಯ ಮೇಲೆ ಪಾತ್ರೆ, ಎಸರು ಕುದಿಯುತ್ತಿದೆ]

ನೋಡಿ. ಎಸರು ಕುದಿಯುತ್ತಿದೆ. ಈಗ ರಾಗಿ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯುತ್ತೇನೆ. ಕೂಡಲೇ ತೊಳಸುವುದಿಲ್ಲ, ಹಾಗೆಯೇ ಬಿಡುತ್ತೇನೆ. ಏನಾಯಿತು? ಕುದಿತ ನಿಂತಂತೆ ಕಾಣುತ್ತಿದೆ. ನಿಂತಿಲ್ಲ. ಒಲೆ ಉರಿಯುತ್ತಲೇ ಇದೆ, ಹಿಟ್ಟಿನ ಅಡಿಯಲ್ಲಿ ಬಿಸಿ ಕೂಡಿಕೊಳ್ಳುತ್ತಿದೆ. ಎಸರೆಂದರೆ ತೇವದ ಗಾಳಿ, ಒಲೆಯೆಂದರೆ ಬಿಸಿಲು, ಹಿಟ್ಟಿನ ಗುಡ್ಡೆಯೇ ಆ ಮುಚ್ಚಳ.

ಹಿಟ್ಟೇ ಹಾಕದಿದ್ದರೆ? ಎಸರು ಎಲ್ಲೆಡೆ ಸಣ್ಣ ಸಣ್ಣ ಗುಳ್ಳೆಗಳಾಗಿ ಕುದಿದು ಶಕ್ತಿಯನ್ನು ಚಿಲ್ಲರೆಯಾಗಿ ಖರ್ಚು ಮಾಡಿಬಿಡುತ್ತದೆ. ಆಕಾಶದಲ್ಲಿ ಹಾಗಾದರೆ ಮಧ್ಯಾಹ್ನಕ್ಕೇ ಅಲ್ಲಲ್ಲಿ ತುಂತುರು, ಅಷ್ಟೇ. ಹಿಟ್ಟು ತೀರಾ ಹೆಚ್ಚಾದರೆ? ಏನೂ ಹೊರಗೆ ಬರುವುದಿಲ್ಲ. ಇಡೀ ದಿನ ಉರಿಬಿಸಿಲು, ನೀಲಿ ಆಕಾಶ, ಮುನ್ಸೂಚನೆ ಕೊಟ್ಟವರಿಗೆ ಬೈಗುಳ. ಹಿಟ್ಟು ಹದವಾಗಿದ್ದರೆ ಮಾತ್ರ ತಮಾಷೆ. ಈಗ ಕೋಲಿನಿಂದ ನಡುವೆ ಒಂದು ತೂತು ಮಾಡುತ್ತೇನೆ...

[ದೃಶ್ಯ: ಬುಳಕ್ ಎಂದು ಎಸರು ಚಿಮ್ಮುತ್ತದೆ. ನಿರೂಪಕರು ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ.]

ಇದೇ! ಪಾತ್ರೆಯ ಅಷ್ಟೂ ಒತ್ತಡ ಆ ಒಂದೇ ತೂತಿನಲ್ಲಿ. ಹೈ ಪ್ಲೇನ್ಸ್‌ನಲ್ಲಿ ಆ ಕೋಲಿನ ಕೆಲಸ ಮಾಡುವುದು ಒಣ ಗಾಳಿಯೂ ತೇವದ ಗಾಳಿಯೂ ಸಂಧಿಸುವ ಗಡಿ, ಉತ್ತರದಿಂದ ಇಳಿದು ಬರುವ ತಂಪು ಗಾಳಿ, ಇಲ್ಲವೇ ಬೆಟ್ಟದ ಸಾಲು. ಮಧ್ಯಾಹ್ನ ಎರಡು ಗಂಟೆಗೆ ಒಂದು ತುಂಡು ಮೋಡವೂ ಇಲ್ಲದ ಆಕಾಶ ನಾಲ್ಕು ಗಂಟೆಗೆ ಹೂಕೋಸಿನಂತೆ ಉಬ್ಬಿ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರಕ್ಕೆ ಏರುವುದು ಹೀಗೆ.

ಇನ್ನೂ ಪಾತ್ರೆಯನ್ನು ಇಳಿಸಿಲ್ಲ, ಕ್ಷಮಿಸಿ. ಅಂಚನ್ನು ನೋಡಿ. ಕೋಲು ಹಾಕದಿದ್ದರೂ ಗುಡ್ಡೆಯ ಸುತ್ತ, ಹಿಟ್ಟು ತೆಳುವಾಗಿರುವ ಕಡೆ, ಎಸರು ಗುಳುಗುಳು ಎನ್ನುತ್ತಿದೆ. ಬೇಸಿಗೆಯಲ್ಲಿ ಅಮೆರಿಕದ ಮೇಲೆ ದೊಡ್ಡ ಅಧಿಕ ಒತ್ತಡದ ಪ್ರದೇಶ ಬಂದು ಕುಳಿತಾಗ ಆಗುವುದೂ ಇದೇ. ಅದರ ನಡುವೆ ಗಾಳಿ ನಿಧಾನವಾಗಿ ಕೆಳಗಿಳಿಯುತ್ತ, ಒತ್ತಿಕೊಂಡು ಬಿಸಿಯಾಗಿ, ಮುಚ್ಚಳದ ಮೇಲೆ ಮುಚ್ಚಳ ಹಾಕುತ್ತದೆ. ಅಲ್ಲಿ ಬಿಸಿಗಾಳಿ. ಅದರ ಅಂಚಿನಲ್ಲಿ ಮುಚ್ಚಳ ತೆಳು. ಅಲ್ಲಿ ಗುಡುಗಿನ ಸಾಲು. ಈ ಅಂಚಿಗೆ ಅಲ್ಲಿನವರು ರಿಂಗ್ ಆಫ್ ಫೈರ್ ಎಂಬ ಸಿನಿಮೀಯ ಹೆಸರಿಟ್ಟಿದ್ದಾರೆ. ಹೈ ಪ್ಲೇನ್ಸ್ ಎಷ್ಟೋ ದಿನ ಸರಿಯಾಗಿ ಆ ಅಂಚಿನ ಕೆಳಗೇ ಬಿದ್ದಿರುತ್ತದೆ. ಮಧ್ಯಾಹ್ನ ಮುಚ್ಚಳದ ಅಡಿ, ಸಂಜೆ ಅಂಚಿನ ಅಡಿ. ನಮ್ಮ ವೀಕ್ಷಕರ ಮೊಬೈಲಿಗೆ ಎರಡು ಎಚ್ಚರಿಕೆ ಬಂದದ್ದು ಇದಕ್ಕೆ. ಇಲಾಖೆಯವರು ಗೊಂದಲದಲ್ಲಿರಲಿಲ್ಲ.

[ದೃಶ್ಯ: ಆಲಿಕಲ್ಲು]

ಆಲಿಕಲ್ಲು ಅಲ್ಲೇ ಏಕೆ ಹೆಚ್ಚು? ನೆಲ ಎತ್ತರದಲ್ಲಿರುವುದರಿಂದ, ನೀರು ಹೆಪ್ಪುಗಟ್ಟುವ ಮಟ್ಟ ನೆಲಕ್ಕೆ ಹತ್ತಿರ. ಬೀಳುವ ಕಲ್ಲಿಗೆ ದಾರಿಯಲ್ಲಿ ಕರಗಲು ಸಮಯವಿಲ್ಲ. ನೆಬ್ರಾಸ್ಕಾ, ಕೊಲರಾಡೊ, ವಯೋಮಿಂಗ್ ಕೂಡುವ ಜಾಗದಲ್ಲಿ ವರ್ಷಕ್ಕೆ ಸರಾಸರಿ ಏಳರಿಂದ ಒಂಬತ್ತು ದಿನ ಆಲಿಕಲ್ಲು ಬೀಳುತ್ತದೆ. ಇನ್ನೂ ಈಶಾನ್ಯಕ್ಕೆ, ಸೌತ್ ಡಕೋಟಾದ ವಿವಿಯನ್ ಎಂಬ ಊರಿನಲ್ಲಿ 2010ರ ಜುಲೈ 23ರಂದು ಬಿದ್ದ ಕಲ್ಲಿನ ಅಡ್ಡಳತೆ 20 ಸೆಂಟಿಮೀಟರ್, ತೂಕ ಸುಮಾರು 880 ಗ್ರಾಂ. ಐದು ಕ್ರಿಕೆಟ್ ಚೆಂಡುಗಳನ್ನು ತಕ್ಕಡಿಯಲ್ಲಿಟ್ಟರೂ ಇದೇ ಹೆಚ್ಚು ಭಾರ. ಅದು ಅಮೆರಿಕದ ದಾಖಲೆ. ಸಿಕ್ಕವರು ಅದನ್ನು ಫ್ರೀಜರಿನಲ್ಲಿ ಇಟ್ಟರು. ಅದೇ ಬಿರುಗಾಳಿಗೆ ಕರೆಂಟ್ ಹೋಗಿತ್ತು! ಅಳೆಯುವವರು ಬರುವಷ್ಟರಲ್ಲಿ ಕಲ್ಲು ಒಂದಿಷ್ಟು ಕರಗಿತ್ತು. ಕರೆಂಟ್ ಹೋಗಿ ದಾಖಲೆ ಚಿಕ್ಕದಾದ ಕಥೆ ನಮಗೆ ಅರ್ಥವಾದಷ್ಟು ಬೇರೆಯವರಿಗೆ ಆಗಲಾರದು.

ಈಗ ಮುನ್ಸೂಚನೆಯ ನಕ್ಷೆ. ಓಕ್ಲಹೋಮಾದ ನಾರ್ಮನ್‌ನಲ್ಲಿರುವ ಸ್ಟಾರ್ಮ್ ಪ್ರೆಡಿಕ್ಷನ್ ಸೆಂಟರ್ ತೀವ್ರ ಗುಡುಗು ಮಳೆಯ ಅಪಾಯವನ್ನು ಐದು ಮೆಟ್ಟಿಲುಗಳಲ್ಲಿ ಹೇಳುತ್ತದೆ. ಮಾರ್ಜಿನಲ್, ಸ್ಲೈಟ್, ಎನ್‌ಹಾನ್ಸ್ಡ್, ಮಾಡರೇಟ್, ಹೈ. ಇಲ್ಲಿ ನನ್ನದೊಂದು ಜಗಳವಿದೆ. ಮಾಡರೇಟ್ ಎಂದರೆ ಸಾಧಾರಣ ತಾನೇ? ಐದರಲ್ಲಿ ನಾಲ್ಕನೆಯ ಮೆಟ್ಟಿಲಿಗೆ ಸಾಧಾರಣ ಎಂದು ಹೆಸರಿಟ್ಟರೆ ಜನ ಬಟ್ಟೆ ಒಣಗಿಸಲು ಹಾಕಿ ಕೆಲಸಕ್ಕೆ ಹೋಗುವುದಿಲ್ಲವೇ? ಹೋಗಲಿ, ಶೇಕಡಾವಾರಿನ ಕಥೆ ಇನ್ನೂ ಸ್ವಾರಸ್ಯ. ಆಲಿಕಲ್ಲಿಗೆ ಶೇ 15 ಎಂದಿದ್ದರೆ, ನೀವು ನಿಂತಿರುವ ಜಾಗದಿಂದ ಸುಮಾರು 40 ಕಿಲೋಮೀಟರ್ ಒಳಗೆ ಎಲ್ಲಾದರೂ ಕನಿಷ್ಠ ಒಂದು ಇಂಚಿನ ಕಲ್ಲು ಬೀಳುವ ಸಾಧ್ಯತೆ ಅಷ್ಟು ಎಂದರ್ಥ. ನಿಮ್ಮ ಕಾರಿನ ಮೇಲೇ ಬೀಳುತ್ತದೆ ಎಂದಲ್ಲ. ಮುಚ್ಚಳ ಒಡೆಯುತ್ತದೋ ಇಲ್ಲವೋ ಎಂಬುದು ಮೂರು ಕಿಲೋಮೀಟರ್ ಎತ್ತರದ ಒಂದೆರಡು ಡಿಗ್ರಿ ವ್ಯತ್ಯಾಸದ ಮೇಲೆ ನಿಂತಿರುವಾಗ ಇದಕ್ಕಿಂತ ಖಚಿತವಾಗಿ ಹೇಳು ಎಂದು ನಾನಂತೂ ಕೇಳಲಾರೆ.

ಸಂಪಾದಕರು ಗಡಿಯಾರ ತೋರಿಸುತ್ತಿದ್ದಾರೆ. ಮುದ್ದೆಗೆ ಸಮಯ ಹೆಚ್ಚು ಕೊಟ್ಟೆ, ಒಪ್ಪಿಕೊಳ್ಳುತ್ತೇನೆ. ಉಳಿದದ್ದು ಒಂದೇ ಉಸಿರಿನಲ್ಲಿ: ರಾಕಿ ಬೆಟ್ಟಗಳ ಬಳಿ ಸಂಜೆ ಹುಟ್ಟಿದ ಗುಡುಗು ಮಳೆ ರಾತ್ರಿಯ ಕೆಳಮಟ್ಟದ ಬಿರುಸು ಗಾಳಿಯಿಂದ ಮೇವು ಪಡೆದು ಪೂರ್ವಕ್ಕೆ ನಡೆಯುತ್ತದೆ, ಹಾಗಾಗಿ ಆ ಬಯಲಿನಲ್ಲಿ ಬೇಸಿಗೆಯ ಮಳೆಯ ದೊಡ್ಡ ಪಾಲು ರಾತ್ರಿಯದು. ಗಾಳಿ ತೀರಾ ಒಣಗಿದ್ದರೆ ಮಳೆ ನೆಲ ಮುಟ್ಟುವ ಮೊದಲೇ ಆವಿಯಾಗಿ, ತಂಪಾದ ಗಾಳಿ ದೊಪ್ಪನೆ ಕೆಳಗೆ ಬೀಳುತ್ತದೆ. ವಿಮಾನಗಳಿಗೆ ಗಂಡಾಂತರವಾದ ಈ ಬೀಳುಗಾಳಿಯನ್ನು 1982ರಲ್ಲಿ ಹವಾಮಾನ ವಿಜ್ಞಾನಿ ಟೆಟ್ಸುಯಾ ಫುಜಿಟಾ ಮತ್ತು ಸಂಗಡಿಗರು ಡೆನ್ವರ್‌ನ ಸುತ್ತ ರೇಡಾರ್ ಇಟ್ಟು ಅಧ್ಯಯನ ಮಾಡಿದರು. ಬಿಸಿಲನ್ನು ಹಗುರವಾಗಿ ಕಾಣಬೇಡಿ: 2022ರ ಜೂನ್‌ನಲ್ಲಿ ಕಾನ್ಸಾಸ್‌ನಲ್ಲಿ ಗಾಳಿ ನಿಂತು, ತೇವ ಏರಿ, ರಾತ್ರಿಯೂ ತಣ್ಣಗಾಗದೆ ಕನಿಷ್ಠ 2,000 ದನಗಳು ಸತ್ತವು.

ಇದೊಂದನ್ನು ಮಾತ್ರ ಬಿಡಲಾರೆ. 2011ರ ಜೂನ್ 9, ಕಾನ್ಸಾಸ್‌ನ ವಿಚಿಟಾ. ಮಧ್ಯರಾತ್ರಿ ಕಳೆದು ಮುಕ್ಕಾಲು ಗಂಟೆ, ಉಷ್ಣಾಂಶ 29 ಡಿಗ್ರಿ. ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಅದು 39ರ ಹತ್ತಿರ ಬಂತು. ರಾತ್ರಿ ಒಂದು ಗಂಟೆಗೆ! ಮೇಲೆ ಸಾಯುತ್ತಿದ್ದ ಒಂದು ಗುಡುಗು ಮೋಡದ ಕೊನೆಯ ಮಳೆ ಆವಿಯಾಗಿ ಗಾಳಿ ಭಾರವಾಗಿ ಬಿತ್ತು. ಆವಿಯಾಗಲು ಹನಿಯೇ ಉಳಿಯದಿದ್ದಾಗ ಆ ಗಾಳಿ ಬಿದ್ದ ಪ್ರತಿ ಕಿಲೋಮೀಟರಿಗೆ ಸುಮಾರು ಹತ್ತು ಡಿಗ್ರಿಯಂತೆ ಕಾಯುತ್ತ ಊರಿನ ಮೇಲೆ ಬಂದು ಬಡಿಯಿತು. ಕಿಟಕಿ ತೆರೆದು ಮಲಗಿದ್ದವರಿಗೆ ಏನನ್ನಿಸಿರಬೇಡ!

ಡೆನ್ವರ್‌ನ ಗೆಳೆಯರೇ, ಮುಂದಿನ ಬಾರಿ ಎರಡು ಎಚ್ಚರಿಕೆಗಳು ಬಂದರೆ ಹಗಲು ನೀರು ಕುಡಿಯಿರಿ, ಮಧ್ಯಾಹ್ನ ಮೂರು ಗಂಟೆಯೊಳಗೆ ಕಾರನ್ನು ಸೂರಿನಡಿ ನಿಲ್ಲಿಸಿ. ನನ್ನ ಎಸರು ಈಗ ಬತ್ತುತ್ತಿದೆ, ಹಿಟ್ಟು ಗಂಟು ಕಟ್ಟುವ ಮೊದಲು ತೊಳಸಬೇಕು. ತಪ್ಪಿದ್ದರೆ ಹವಾಮಾನ ಬಲ್ಲವರು ತಿದ್ದಿ. ಅವರಿಗಿಂತ ಮೊದಲು ಮುದ್ದೆ ಬಲ್ಲವರು.