ಒಂದು ಪೌಂಡ್ ಮಾಂಸ, ಐದೂವರೆಯ ಬಸ್ಸು
(ಹಾಸನದಲ್ಲಿ ಪ್ರೌಢಶಾಲಾ ಇಂಗ್ಲಿಷ್ ಶಿಕ್ಷಕರೆದುರು ಮಾಡಿದ ಉಪನ್ಯಾಸ)

ಸ್ನೇಹಿತರೇ, ನಮಸ್ಕಾರ.

ಪದ್ಯಕ್ಕೆ ಒಂದು ಪೀರಿಯಡ್, ಪತ್ರಲೇಖನಕ್ಕೆ ಇನ್ನೊಂದು. ನಮ್ಮ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಹೀಗೆ ಪಾಲಾಗಿದೆ. ಪದ್ಯದ ಪಾಠ ಸಾರಾಂಶಕ್ಕೆ ಮುಗಿಯುತ್ತದೆ, ಪತ್ರದ ಪಾಠ ವಿಳಾಸ ಎಲ್ಲಿ ಬರೆಯಬೇಕು ಎಂಬಲ್ಲಿಗೆ. ಆದರೆ ಎರಡಕ್ಕೂ ಬೇಕಾದ ಕಣ್ಣು ಒಂದೇ. ಯಾರು ಹೇಳುತ್ತಿದ್ದಾರೆ, ಯಾರಿಗೆ, ಅವರಿಗೆ ಬೇಕಾದದ್ದೇನು, ಅದನ್ನು ಯಾವ ಪದದಿಂದ ಪಡೆಯಲು ನೋಡುತ್ತಿದ್ದಾರೆ? ಈ ನಾಲ್ಕು ಪ್ರಶ್ನೆಗಳನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಎರಡು ವಾರ ಅಳಿಸದೆ ಬಿಡಿ.

ಮೊದಲ ಇಪ್ಪತ್ತು ನಿಮಿಷ ಕನ್ನಡದಲ್ಲೇ ಆಗಲಿ. ಪುಣ್ಯಕೋಟಿ ಗೊತ್ತಿಲ್ಲದ ಮಗು ನಮ್ಮ ಕಡೆ ಅಪರೂಪ. ಹಸು ಹುಲಿಯ ಮುಂದೆ ಎರಡು ಸಲ ನಿಲ್ಲುತ್ತದೆ. ಮೊದಲ ಸಲ, ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಎಂದು ಮಾತು ಕೊಡುತ್ತದೆ. ಎರಡನೆಯ ಸಲ ‘ಖಂಡವಿದೆಕೋ ಮಾಂಸವಿದೆಕೋ’ ಎಂದು ಮೈಯನ್ನೇ ಮುಂದಿಡುತ್ತದೆ. ಹುಲಿಯ ಮನಸ್ಸು ತಿರುಗಿದ್ದು ಯಾವಾಗ, ಯಾವ ಪದಕ್ಕೆ ಎಂದು ಕೇಳಿ. ಆ ‘ಇದೆಕೋ’ದಲ್ಲಿ ‘ತಗೋ’ ಎನ್ನುವುದಿದೆ, ‘ಬಿಡು’ ಎನ್ನುವುದಿಲ್ಲ. ಬೇಡುವ ಒಂದು ಪದವೂ ಇಲ್ಲದೆ ಹಸು ಗೆದ್ದಿತು. ಮಕ್ಕಳು ಇಷ್ಟು ಕಂಡುಕೊಂಡರೆ ಸಾಹಿತ್ಯ ವಿಶ್ಲೇಷಣೆ ಶುರುವಾದಂತೆಯೇ. ಇಂಗ್ಲಿಷ್ ಆಮೇಲೆ ಬರುತ್ತದೆ.

ಇನ್ನು ಹತ್ತನೆಯ ತರಗತಿಗೆ ಇರುವ ಪೋರ್ಷಿಯಾಳ ಮಾತು, ‘ಕ್ವಾಲಿಟಿ ಆಫ್ ಮರ್ಸಿ’ (ದಯೆಯ ಗುಣ). ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದಲ್ಲಿ ನ್ಯಾಯಪಂಡಿತನ ವೇಷದಲ್ಲಿ ಬರುವ ಹೆಣ್ಣು ಅವಳು. ಇದನ್ನು ದಯೆಯ ಬಗೆಗಿನ ಸುಭಾಷಿತದಂತೆ ಬಾಯಿಪಾಠ ಮಾಡಿಸುವುದು ದೊಡ್ಡ ತಪ್ಪು. ಇದು ನ್ಯಾಯಾಲಯದಲ್ಲಿ ಒಬ್ಬ ಮನುಷ್ಯನ ಮನಸ್ಸು ತಿರುಗಿಸಲು ಆಡಿದ ಮಾತು. 3,000 ಡ್ಯುಕಾಟ್ (ಆ ಕಾಲದ ನಾಣ್ಯ) ಸಾಲ, ಮೂರು ತಿಂಗಳ ವಾಯಿದೆ, ತಪ್ಪಿದರೆ ಸಾಲಗಾರನ ಮೈಯಿಂದ ಒಂದು ಪೌಂಡ್ ಮಾಂಸ. ವಾಯಿದೆ ತಪ್ಪಿದೆ. ಸಾಲ ಕೊಟ್ಟ ಶೈಲಾಕ್ ದಯೆ ತೋರಲೇಬೇಕು ಎನ್ನುತ್ತಾಳೆ ಪೋರ್ಷಿಯಾ. ಯಾವ ಬಲವಂತಕ್ಕೆ ಎಂದು ಅವನು ಕೇಳುತ್ತಾನೆ. ಈ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯದೆ ಪದ್ಯಕ್ಕೆ ಕೈ ಹಾಕಬೇಡಿ. ಮೊದಲ ಸಾಲಿನ ‘ಸ್ಟ್ರೇನ್ಡ್’ ಪದ ಅದಕ್ಕೇ ಉತ್ತರ: ದಯೆ ಬಲವಂತದಿಂದ ಬರುವುದಲ್ಲ. ಪ್ರಶ್ನೆ ಕಾಣದ ಮಕ್ಕಳು ಟೀ ಸೋಸುವ ಸ್ಟ್ರೇನರ್ ನೆನೆದು ‘ಸೋಸಿದ ದಯೆ’ ಎಂದು ಬರೆಯುತ್ತಾರೆ. ಅದು ಮಕ್ಕಳ ದಡ್ಡತನವಲ್ಲ. ಹಿಂದಿನ ಮಾತನ್ನು ಕತ್ತರಿಸಿ ಕೊಟ್ಟವರು ನಾವು.

ಮುಂದಿನದು ಮಳೆ: ದಯೆ ಮೆಲ್ಲನೆಯ ಮಳೆಯಂತೆ ಬೀಳುತ್ತದೆ ಎನ್ನುತ್ತಾಳೆ. ‘ಸಿಮಿಲಿ (ಉಪಮೆ) ಇದೆ’ ಎಂದು ಬರೆದು ಮುಂದಕ್ಕೆ ಹೋಗುವುದು ಎಲ್ಲ ಶಾಲೆಯಲ್ಲೂ ಕಾಣುವ ಕಾಯಿಲೆ. ಅದಕ್ಕೆ ಪದ ಬದಲಿಸಿ ನೋಡುವುದೇ ಮದ್ದು. ‘ಡ್ರಾಪೆತ್’ (ಹನಿಯುತ್ತದೆ) ತೆಗೆದು ‘ಪೋರ್ಸ್’ (ಸುರಿಯುತ್ತದೆ) ಇಡಿ, ಏನು ಕೆಟ್ಟಿತು? ಸಕಲೇಶಪುರದ ಮಗುವಿಗೆ ಇದನ್ನು ವಿವರಿಸಬೇಕಿಲ್ಲ. ಸೋನೆ ಯಾವುದು, ಆಷಾಢದ ಜಡಿಮಳೆ ಯಾವುದು ಎಂದು ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತು. ಪೋರ್ಷಿಯಾಳದು ಸೋನೆ. ಯಾರೂ ಹೇಳದೆ, ಯಾರಿಗೂ ನೋವಾಗದೆ ಬೀಳುವಂಥದ್ದು.

ಮಾತು ಇಷ್ಟು ಸುಂದರವಾಗಿದ್ದೂ ಸೋಲುತ್ತದೆ. ನನಗೆ ಕಾನೂನೇ ಬೇಕು ಎನ್ನುತ್ತಾನೆ ಶೈಲಾಕ್. ಪಠ್ಯದಲ್ಲಿ ಈ ಉತ್ತರ ಇಲ್ಲದಿದ್ದರೆ ನೀವೇ ತಂದು ಸೇರಿಸಿ. ಇಡೀ ಪಾಠ ಬೆಳಗುವುದು ಅಲ್ಲೇ. ಯಾಕೆ ಸೋತಿತು? ಅವಳು ಸಿಂಹಾಸನ, ಕಿರೀಟ, ರಾಜದಂಡದ ಮಾತಾಡುತ್ತಾಳೆ. ಕೇಳುತ್ತಿರುವವನು ರಾಜನಲ್ಲ, ಊರಿನವರಿಂದ ಉಗುಳಿಸಿಕೊಂಡವನು. ಮೊದಲು ‘ನಿನ್ನ ಹೆಸರು ಶೈಲಾಕ್ ತಾನೆ’ ಎಂದು ಕೇಳಿದವಳು, ಭಾಷಣದೊಳಗೆ ಅವನನ್ನು ‘ಯಹೂದಿ’ ಎಂದೇ ಕರೆಯುತ್ತಾಳೆ. ಹೆಸರು ಗೊತ್ತಿದ್ದೂ ಜಾತಿ ಹಿಡಿದು ಕರೆದವರ ಉಪದೇಶ ಕಿವಿಗೆ ಹೋಗುತ್ತದೆಯೇ? ಈ ಪ್ರಶ್ನೆಗೆ ತರಗತಿ ಸುಮ್ಮನಾಗುತ್ತದೆ. ಸುಮ್ಮನಿರಲು ಬಿಡಿ, ಅವಸರ ಮಾಡಬೇಡಿ.

ಕೊನೆಗೆ ಸಾಲಗಾರ ಉಳಿದದ್ದು ಪೋರ್ಷಿಯಾ ಸಾಲಪತ್ರವನ್ನು ಪದ ಪದ ಓದಿದ್ದರಿಂದ. ಮಾಂಸ ಎಂದು ಬರೆದಿದೆ, ರಕ್ತ ಎಂದು ಬರೆದಿಲ್ಲ. ನಮ್ಮ ಹಸುವಾದರೋ ಮಾಂಸದ ಜೊತೆ ಗುಂಡಿಗೆಯ ಬಿಸಿರಕ್ತವನ್ನೂ ಕೊಡಲು ಬಂದಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಒಂದು ಪ್ಯಾರಾ ಬರೆಸಿ, ಇಂಗ್ಲಿಷಿನಲ್ಲಿ ಎಂಬತ್ತು ಪದ ಮೀರದಂತೆ: ಒಂದು ನಿಲುವು, ಅದಕ್ಕೆ ಆಧಾರವಾಗಿ ಪಠ್ಯದ ನಾಲ್ಕೇ ಪದ, ಆ ಪದ ಮಾಡುವ ಕೆಲಸ, ಅದರಿಂದ ತಿಳಿಯುವುದೇನು. ಮೂರನೆಯದನ್ನೇ ಮಕ್ಕಳು ಹಾರಿಸುತ್ತಾರೆ. ಉದ್ಧರಿಸಿದ ಕೂಡಲೇ ಸಾಬೀತಾಯಿತು ಎಂದುಕೊಳ್ಳುತ್ತಾರೆ. ಆ ಒಂದು ವಾಕ್ಯದ ಕೆಳಗೆ ಗೆರೆ ಎಳೆಸಿ. ಗೆರೆ ಇಲ್ಲದ ನೋಟ್‌ಬುಕ್ಕನ್ನು ತಿದ್ದದೆ ವಾಪಸ್ ಕೊಡಿ.

ಈಗ ಪತ್ರ. ಪರಿಸರ ಉಳಿಸಿ ಎಂಬಂಥ ವಿಷಯ ಬೇಡ, ಅದನ್ನು ಓದಬೇಕಾದ ಮನುಷ್ಯ ಯಾರೂ ಇಲ್ಲ. ಆಲೂರು, ಸಕಲೇಶಪುರ, ಬೇಲೂರಿನ ತೋಟಗಳ ನಡುವೆ ಆನೆ ಓಡಾಡುವ ದಾರಿಯಲ್ಲಿ ನಡೆದು ಮನೆ ಸೇರುವ ಮಕ್ಕಳಿದ್ದಾರೆ. ಶಾಲೆ ಬಿಡುವುದು ನಾಲ್ಕೂವರೆಗೆ, ಬಸ್ಸು ಐದೂವರೆಗೆ ಎಂದಿಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಆರು ಗಂಟೆ ಸುಮಾರಿಗೆ ಹೊತ್ತು ಮುಳುಗುತ್ತದೆ. ಬಸ್ಸನ್ನು ಐದಕ್ಕೆ ಮುಂಚೆ ಬಿಡಿ ಎಂದು ಡಿಪೋ ಮ್ಯಾನೇಜರಿಗೆ ಬರೆಯಬೇಕು.

ಇಲ್ಲಿ ಕೆಡುವುದು ಮೊದಲ ವಾಕ್ಯದಲ್ಲೇ. ‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬುದನ್ನು ಮಕ್ಕಳು ಹಾಗೇ ಇಂಗ್ಲಿಷಿಗೆ ತಿರುಗಿಸುತ್ತಾರೆ. ನಮ್ಮ ಅರ್ಜಿ ಕಾರಣಗಳನ್ನೆಲ್ಲ ಹೇಳಿ ‘ಆದ್ದರಿಂದ’ಕ್ಕೆ ಬರುತ್ತದೆ, ಕ್ರಿಯಾಪದ ಕೊನೆಗೆ ಬರುವ ಹಾಗೆ. ಅದು ನಮ್ಮ ನುಡಿಯ ನಡಿಗೆ, ತಪ್ಪೇನಲ್ಲ. ಇಂಗ್ಲಿಷ್ ಪತ್ರದಲ್ಲಿ ಮಾತ್ರ ಕೋರಿಕೆ ಮೊದಲ ಎರಡು ವಾಕ್ಯದೊಳಗೆ ಬರಬೇಕು. ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳಿಕೊಡಿ.

‘ತುಂಬಾ ಮಕ್ಕಳು’, ‘ಯಾವಾಗಲೂ ತಡ’ ಎಂಬ ಪದಗಳಿಗೆ ನಿಷೇಧ. ಸೋಮವಾರದಿಂದ ಶುಕ್ರವಾರದವರೆಗೆ ಹತ್ತಿದವರ ಸಂಖ್ಯೆ, ಬಸ್ಸು ಬಂದ ಸಮಯ ಬರೆದಿಟ್ಟುಕೊಳ್ಳಲಿ. ಪತ್ರ 120 ಪದದೊಳಗಿರಲಿ. ಎದುರಿನವರ ಕಷ್ಟಕ್ಕೂ ಒಂದು ವಾಕ್ಯ ಬೇಕೇ ಬೇಕು: ಬೇರೆ ಊರಿನ ಪ್ರಯಾಣಿಕರಿದ್ದಾರೆ, ಚಾಲಕರ ಡ್ಯೂಟಿ ಸಮಯವಿದೆ. ಅದನ್ನು ಒಪ್ಪಿಕೊಂಡರೆ ತಮ್ಮ ವಾದ ಸಡಿಲವಾಗುತ್ತದೆ ಎಂದು ಮಕ್ಕಳು ಅಂಜುತ್ತಾರೆ. ಪೋರ್ಷಿಯಾಳ ದಯೆಯ ಮಾತು ಸೋತದ್ದೇ ಎದುರಿಗಿದ್ದವನನ್ನು ಅವಳು ಕಾಣದೆ ಎಂದು ನೆನಪಿಸಿ. ಪಕ್ಕದವರು ಮ್ಯಾನೇಜರ್ ಆಗಿ ಓದಿ ಕೆಳಗೆ ಒಂದೇ ಒಂದು ಪ್ರಶ್ನೆ ಬರೆಯಲಿ, ಎರಡನೆಯ ಪ್ರತಿ ಅದಕ್ಕೆ ಉತ್ತರವಾಗಲಿ.

ತಿದ್ದುವಾಗ ಒಂದು ಪ್ರತಿಗೆ ಒಂದೇ ವಿಷಯ ನೋಡಿ. ಮೊದಲ ಪ್ರತಿಯಲ್ಲಿ ಕೋರಿಕೆ ಮತ್ತು ಆಧಾರ, ವ್ಯಾಕರಣ ಎರಡನೆಯದರಲ್ಲಿ. ಐವತ್ತು ಮಕ್ಕಳಿಗೆ ತಲಾ ಎರಡು ನಿಮಿಷವೆಂದರೂ ನೂರು ನಿಮಿಷ ಬೇಕು. ಎಲ್ಲ ತಪ್ಪಿಗೂ ಕೆಂಪು ಶಾಯಿ ಹಾಕಿದರೆ ನಿಮಗೂ ಸಾಲದು, ಮಗುವಿಗೂ ಯಾವುದು ಮುಖ್ಯವೆಂದು ತಿಳಿಯದು.

ಒಳ್ಳೆಯ ಒಂದು ಪತ್ರವನ್ನು ತರಗತಿಯೇ ಆರಿಸಿ, ಮುಖ್ಯೋಪಾಧ್ಯಾಯರ ಮೂಲಕ ನಿಜವಾಗಿಯೂ ಕಳುಹಿಸಿ. ಉತ್ತರ ಬಂದರೆ ಅದನ್ನೂ ಬೋರ್ಡಿಗೆ ಏರಿಸಿ, ಮೂಲೆಯಲ್ಲಿರುವ ಅದೇ ನಾಲ್ಕು ಪ್ರಶ್ನೆಗಳನ್ನು ಕೇಳಿ: ಯಾರು, ಯಾರಿಗೆ, ಏನು ಬೇಕೆಂದು, ಯಾವ ಪದದಿಂದ.