ತೊಟ್ಟು ಕಳಚುವ ಕಾಲ

ಎಲ್ಲರಿಗೂ ನಮಸ್ಕಾರ.

ಬೇಸಿಗೆಯ ಗಾಳಿಗೆ ಮುರಿದು, ತೊಗಟೆಯ ಆಸರೆಯಲ್ಲಿ ನೇತಾಡುವ ಒಂದು ಕೊಂಬೆಯಿಂದ ಮಾತು ಶುರುಮಾಡೋಣ. ಹುಡುಕಿದರೆ ಶೀತದೇಶದ ಯಾವ ಊರಿನ ಸಾಲುಮರದಲ್ಲೂ ಇಂಥದೊಂದು ಸಿಗುತ್ತದೆ. ಶರತ್ಕಾಲ ಮುಗಿದು ಮರವೆಲ್ಲ ಬೋಳಾದ ಮೇಲೂ ಆ ಸತ್ತ ಕೊಂಬೆಯ ಎಲೆಗಳು ಮಾತ್ರ ಕಂದಾಗಿ ಮುರುಟಿಕೊಂಡು ಅಲ್ಲೇ ಇರುತ್ತವೆ. ಗಾಳಿ ಎಷ್ಟು ಬೀಸಿದರೂ ಜಪ್ಪಯ್ಯ ಅನ್ನುವುದಿಲ್ಲ. ಒಣಗಿದ ಎಲೆ ತಾನಾಗಿ ಉದುರುತ್ತದೆ ಎಂಬ ನಮ್ಮ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ. ಎಲೆಯನ್ನು ಕಳಚಬೇಕಾದರೆ ಮರಕ್ಕೆ ಜೀವವಿರಬೇಕು. ಅದು ಕೊನೆಯವರೆಗೂ ದುಡಿದು ಮಾಡುವ ಕೆಲಸ. ಆ ಕೆಲಸದ ಬಗ್ಗೆಯೂ, ಅದನ್ನು ನೋಡಿ ಬರೆದಿಡುವ ಬಗೆಯ ಬಗ್ಗೆಯೂ ಇಂದಿನ ಮಾತು.

ಕೆಲಸ ನಡೆಯುವ ಜಾಗ ತೊಟ್ಟಿನ ಬುಡ. ಅಲ್ಲಿ ಕೆಲವೇ ಪದರಗಳ ಸಣ್ಣ ಕೋಶಗಳ ಒಂದು ಪಟ್ಟಿ ಇರುತ್ತದೆ. ಎಲೆ ಗಟ್ಟಿಮುಟ್ಟಾಗಿರುವಷ್ಟು ದಿನ ಅದರಿಂದ ಆಕ್ಸಿನ್ ಎಂಬ ಹಾರ್ಮೋನು ಹರಿದುಬರುತ್ತಿರುತ್ತದೆ, ಪಟ್ಟಿ ಸುಮ್ಮನಿರುತ್ತದೆ. ಎಲೆ ಮುಪ್ಪಾಗಿ ಆ ಹರಿವು ಇಳಿದಾಗ ಎಥಿಲೀನ್ ಎಂಬ ಇನ್ನೊಂದು ಹಾರ್ಮೋನಿನ ಕೈ ಮೇಲಾಗುತ್ತದೆ. ಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟ ಪೆಕ್ಟಿನನ್ನು ಕಿಣ್ವಗಳು ಕರಗಿಸುತ್ತವೆ. ಆಮೇಲೆ ಎಲೆಯನ್ನು ಹಿಡಿದಿರುವುದು ನೀರು ಸಾಗಿಸುವ ನಾಳಗಳ ಕೆಲವು ಎಳೆ ಮಾತ್ರ. ಅವನ್ನು ಹರಿಯಲು ಎಲೆಯ ತೂಕವೇ ಸಾಕು. ಗಾಳಿಗೆ ಹೆಸರು ಬರುವುದು ಈ ಕೊನೆಯ ಗಳಿಗೆಯಲ್ಲಿ. ಗಾಯದ ಜಾಗದಲ್ಲಿ ಬಿರಡೆಯಂಥ ಪದರ ಕಟ್ಟಿಕೊಳ್ಳುವುದರಿಂದ ನೀರು ಸೋರುವುದಿಲ್ಲ, ಬೂಸು ಒಳಹೋಗುವುದಿಲ್ಲ. ಹಾರ್ಸ್ ಚೆಸ್ಟ್‌ನಟ್ ಮರದ ರೆಂಬೆಯಲ್ಲಿ ಈ ಕಲೆ ಕುದುರೆಲಾಳದ ಆಕಾರದಲ್ಲಿರುತ್ತದೆ, ಹರಿದ ನಾಳಗಳ ಗುರುತು ಲಾಳದ ಮೊಳೆಗಳಂತೆ ಕಾಣುತ್ತದೆ. ಬರಿಗಣ್ಣಿಗೇ ಸಿಗುವ ನೋಟ ಇದು, ನೋಡದೆ ಬಿಡಬೇಡಿ.

ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತು ಎಂದು ನಮ್ಮ ಗಾದೆ. ಶೀತದೇಶದ ಮರದಲ್ಲಿ ಆ ಹೊತ್ತಿಗೆ ಚಿಗುರೆಲ್ಲಿ ಎನ್ನಬಹುದು. ಕಲೆಯ ನೆತ್ತಿಯ ಮೇಲೇ ಅದರ ಮೊಗ್ಗು ಇದೆ, ಬೇಸಿಗೆಯಲ್ಲೇ ಕಟ್ಟಿಟ್ಟದ್ದು. ಪ್ಲೇನ್ ಮರದಲ್ಲಂತೂ ತೊಟ್ಟಿನ ಬುಡವೇ ಟೊಳ್ಳಾಗಿ ಮೊಗ್ಗಿಗೆ ಟೋಪಿಯಾಗಿರುತ್ತದೆ. ಎಲೆ ಬಿದ್ದ ಮೇಲಷ್ಟೇ ಮೊಗ್ಗು ಹೊರಗೆ ಕಾಣುವುದು.

ಪದದ ಬಗ್ಗೆಯೂ ಒಂದು ಮಾತು. ಆರು ಋತುಗಳ ಲೆಕ್ಕದಲ್ಲಿ ಶರತ್ ಎಂದರೆ ಆಶ್ವಯುಜ, ಕಾರ್ತಿಕ: ತೊಳೆದ ಆಕಾಶ, ಬೆಳದಿಂಗಳು. ಎಲೆ ಉದುರುವುದು ಶಿಶಿರದಲ್ಲಿ. ಉಷ್ಣವಲಯದ ಕಾಡು ನೀರು ಸಾಲದೆ ಎಲೆ ಕಳಚುತ್ತದೆ, ಶೀತವಲಯದ ಮರ ಬೆಳಕು ಮತ್ತು ಬಿಸಿ ಕಡಿಮೆಯಾಗಿ ಕಳಚುತ್ತದೆ. ಇಂದು ಮಾತಾಡುತ್ತಿರುವುದು ಎರಡನೆಯದರ ಬಗ್ಗೆ. ಶರತ್ಕಾಲ ಎಂದು ನಾನಿಲ್ಲಿ ಕರೆಯುವುದು ಆ ಎಲೆ ಉದುರುವ ಕಾಲವನ್ನೇ. ಭೂಮಿಯ ಉತ್ತರಾರ್ಧದಲ್ಲಿ ಅದು ಸೆಪ್ಟೆಂಬರಿನಿಂದ ನವೆಂಬರ್, ದಕ್ಷಿಣಾರ್ಧದಲ್ಲಿ ಮಾರ್ಚಿನಿಂದ ಮೇ.

ಇನ್ನು ಬಣ್ಣ. ಹಳದಿ ಹೊಸತಲ್ಲ. ಕೆರೋಟಿನಾಯ್ಡ್ ಎಂಬ ಹಳದಿ ವರ್ಣಕಗಳು ಬೇಸಿಗೆಯುದ್ದಕ್ಕೂ ಎಲೆಯಲ್ಲೇ ಇದ್ದವು, ಪತ್ರಹರಿತ್ತು ಅವನ್ನು ಮುಚ್ಚಿತ್ತು. ಮರ ಪತ್ರಹರಿತ್ತನ್ನು ಕಳಚಿ, ಎಲೆಯ ಸಾರಜನಕದಲ್ಲಿ ಸರಿಸುಮಾರು ಅರ್ಧವನ್ನು ರೆಂಬೆಗೆ ವಾಪಸು ಎಳೆದುಕೊಳ್ಳುತ್ತದೆ. ಹಸಿರು ಹೋದಲ್ಲಿ ಹಳದಿ ಉಳಿಯುತ್ತದೆ. ಆಲ್ಡರ್ ಮರಕ್ಕೆ ಈ ಉಸಾಬರಿ ಇಲ್ಲ. ಅದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಹಿಡಿದುಕೊಡುತ್ತವೆ, ಹಾಗಾಗಿ ಎಲೆಯನ್ನು ಹಸಿರಿರುವಾಗಲೇ ಬಿಸಾಡುತ್ತದೆ. ಹೊಳೆಬದಿಯಲ್ಲಿ ಹಸಿರು ತರಗೆಲೆ ಕಂಡು ಮರಕ್ಕೇನೋ ರೋಗ ಎಂದುಕೊಳ್ಳುವವರಿದ್ದಾರೆ. ರೋಗವಲ್ಲ, ಸಿರಿವಂತಿಕೆ.

ಕೆಂಪಿನ ಕಥೆ ಬೇರೆ. ಆಂಥೋಸಯಾನಿನ್ ಎಂಬ ಕೆಂಪು ವರ್ಣಕ ಬಹುಪಾಲು ಶರತ್ಕಾಲದಲ್ಲೇ ಹೊಸದಾಗಿ ತಯಾರಾಗುತ್ತದೆ. ಅದಕ್ಕೆ ಎಲೆಯಲ್ಲಿ ಸಕ್ಕರೆ ಬೇಕು, ಮೈಮೇಲೆ ಬಿಸಿಲು ಬೇಕು. ಹಗಲು ನಿಚ್ಚಳ ಬಿಸಿಲಿದ್ದು ರಾತ್ರಿ ಚಳಿ ಸೊನ್ನೆಗಿಂತ ಸ್ವಲ್ಪ ಮೇಲೆ ನಿಂತರೆ ಮೇಪಲ್ ಕೆಂಡದಂತಾಗುತ್ತದೆ. ಸೆಕೆ, ಮೋಡ, ಮಳೆಯ ವರ್ಷದಲ್ಲಿ ಬಣ್ಣ ಮಂಕು. ನೀರನ್ನು ಹೆಪ್ಪುಗಟ್ಟಿಸುವ ಇರುಳಿನ ಗಟ್ಟಿ ಹಿಮ ಬೇಗ ಬಂದರೂ ಕೆಡಿಸುತ್ತದೆ, ಎಲೆಯ ಕೋಶಗಳೇ ಸತ್ತರೆ ಕೆಂಪು ಮಾಡುವವರು ಯಾರು? ಆಗ ಉಳಿಯುವುದು ಟ್ಯಾನಿನ್ ಎಂಬ ಒಗರು ವಸ್ತುವಿನ ಕಂದು. ಒಂದೇ ಮರದಲ್ಲಿ ಬಿಸಿಲಿನ ಮಗ್ಗುಲು ಕೆಂಪು, ನೆರಳಿನ ಮಗ್ಗುಲು ಹಳದಿ ಇದ್ದರೆ ಕಾರಣ ಇದೇ. ಒಂದೆಲೆ ಇನ್ನೊಂದರ ಮೇಲೆ ಬಿದ್ದುಕೊಂಡಿದ್ದರೆ ಅಡಿಯ ಎಲೆಯ ಮೇಲೆ ಆ ನೆರಳಿನ ಅಚ್ಚು ಹಳದಿಯಾಗಿ ಉಳಿದಿರುವುದೂ ಉಂಟು.

ಮರಕ್ಕೆ ಕಾಲ ಗೊತ್ತಾಗುವುದರಲ್ಲಿ ಚಳಿಯ ಪಾಲಿದೆ, ಆದರೆ ನಂಬಿಕೆಯ ಗಡಿಯಾರ ಇರುಳಿನ ಉದ್ದ. ಗಿಡ ಹೂ ಬಿಡುವ ಕಾಲವನ್ನು ಹಗಲಿರುಳಿನ ಉದ್ದ ತೀರ್ಮಾನಿಸುತ್ತದೆ ಎಂದು ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ತಂಬಾಕು, ಸೋಯಾ ಗಿಡಗಳಲ್ಲಿ ತೋರಿಸಿಕೊಟ್ಟದ್ದು ಇದರ ತಳಹದಿ. 50 ಡಿಗ್ರಿ ಅಕ್ಷಾಂಶದಲ್ಲಿ, ಹಗಲಿರುಳು ಸಮವಾಗುವ ಶರತ್ಕಾಲದ ವಿಷುವದ ಆಸುಪಾಸು, ಹಗಲು ದಿನಕ್ಕೆ ಸುಮಾರು 4 ನಿಮಿಷ ಕುಗ್ಗುತ್ತದೆ, ಅಂದರೆ ವಾರಕ್ಕೆ ಅರ್ಧ ಗಂಟೆಗೆ ಹತ್ತಿರ. ಊರಿನ ಬೀದಿದೀಪ ಈ ಗಡಿಯಾರವನ್ನು ಕೆಡಿಸುತ್ತದೆ. ದೀಪದ ಕಡೆಗಿರುವ ಕೊಂಬೆಗಳು ಎಲೆಯನ್ನು ತಡವಾಗಿ ಬಿಡುತ್ತವೆ ಎಂಬ ವರದಿ 1936ರಲ್ಲೇ ನ್ಯೂಯಾರ್ಕಿನ ಮರಗಳ ಬಗ್ಗೆ ಬಂದಿತ್ತು. ಸಣ್ಣ ಊರಿನ ಅನುಕೂಲ ಇಲ್ಲಿದೆ. ದೀಪದಡಿಯ ಮರ ಒಂದು, ಕತ್ತಲೆಯ ಓಣಿಯಲ್ಲಿ ಅದೇ ಜಾತಿಯದು ಇನ್ನೊಂದು, ಎರಡೂ ಹತ್ತು ನಿಮಿಷದ ನಡಿಗೆಯೊಳಗೆ ಸಿಗುತ್ತವೆ.

ವಿಷುವದ ದಿನ ಸೂರ್ಯ ನೆಟ್ಟಗೆ ಪೂರ್ವಕ್ಕೆ ಹುಟ್ಟಿ ಪಶ್ಚಿಮಕ್ಕೆ ಮುಳುಗುವುದರಿಂದ, ಪೂರ್ವಪಶ್ಚಿಮ ಬೀದಿಯ ಆ ತುದಿಯಲ್ಲೇ ಬಂದು ಕೂರುತ್ತಾನೆ. ನೋಡಲು ಚೆಂದ, ವಾಹನ ಓಡಿಸುವವರಿಗೆ ಕಣ್ಣು ಕತ್ತಲೆ. ಹುಣ್ಣಿಮೆಯ ಚಂದ್ರನೂ ಆಗ ವಿಶೇಷ. ಸಾಮಾನ್ಯವಾಗಿ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಮೂಡುವವನು 40ರಿಂದ 50 ಡಿಗ್ರಿ ಅಕ್ಷಾಂಶದಲ್ಲಿ ಈ ದಿನಗಳಲ್ಲಿ 20ರಿಂದ 30 ನಿಮಿಷವಷ್ಟೇ ತಡಮಾಡುತ್ತಾನೆ. ಅದಕ್ಕೇ ನಾಲ್ಕಾರು ಸಂಜೆ ಮುಸ್ಸಂಜೆಗೇ ಬೆಳದಿಂಗಳು. ಬೆಳಗಿನ ಮಂಜಿಗೆ ಬೇಕಾದ್ದು ಮೋಡವಿಲ್ಲದ ಉದ್ದ ಇರುಳು, ಒದ್ದೆ ನೆಲ, ಅಲುಗದ ಗಾಳಿ. ತಣ್ಣನೆ ಗಾಳಿ ನೀರಿನಂತೆ ಇಳಿಜಾರಿಗೆ ಹರಿಯುವುದರಿಂದ ತಗ್ಗಿನ ಕೇರಿಗಳಿಗೆ ಮೊದಲ ಪಾಲು. ಉಷ್ಣಮಾಪಕ 3 ಡಿಗ್ರಿ ತೋರಿಸುತ್ತಿದ್ದರೂ ಹುಲ್ಲಿನ ಮೇಲೆ ಹಿಮ ಕಟ್ಟಬಹುದು, ಮಾಪಕವನ್ನು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ನೇತುಹಾಕಿರುತ್ತಾರೆ, ಅಂಥ ಇರುಳು ನೆಲದ ಬಳಿ ಇನ್ನೂ ತಣ್ಣಗಿರುತ್ತದೆ.

ಈಗ ಬರೆದಿಡುವ ವಿಚಾರ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರ 1736ರಲ್ಲಿ ಶುರುಮಾಡಿದ ಹೂವು, ಚಿಗುರಿನ ದಿನಾಂಕಗಳ ದಾಖಲೆಯನ್ನು ಅವನ ಮನೆತನ 1958ರವರೆಗೂ ನಡೆಸಿತು. ಆದರೆ ಅದು ವಸಂತದ ದಾಖಲೆ. ಹೂವು ಅರಳಿತೋ ಇಲ್ಲವೋ ಎಂದು ಹೇಳಿಬಿಡಬಹುದು. ಶರತ್ಕಾಲಕ್ಕೆ ಅಂಥ ಗೆರೆ ಇಲ್ಲ, ಗೆರೆಯನ್ನು ನಾವೇ ಎಳೆದುಕೊಳ್ಳಬೇಕು. ಜಪಾನಿನ ಹವಾಮಾನ ಇಲಾಖೆ 1953ರಿಂದ ಗಿಂಕೊ, ಮೇಪಲ್ ಮರಗಳನ್ನು ಗಮನಿಸುತ್ತಿದೆ. ಮರವನ್ನು ಒಟ್ಟಾಗಿ ನೋಡಿದಾಗ ಹಸಿರು ಹೆಚ್ಚುಕಡಿಮೆ ಕಾಣದಂತಾದ ಮೊದಲ ದಿನ ಅವರ ಗೆರೆ. ಗಿಡದ ಬೆಳವಣಿಗೆಯ ಒಂದೊಂದು ಹಂತಕ್ಕೂ ಒಂದು ಅಂಕಿ ಕೊಡುವ, ಸಸ್ಯಶಾಸ್ತ್ರಜ್ಞರ ಬಿಬಿಸಿಎಚ್ ಮಾಪನದಲ್ಲಿ 93 ಎಂದರೆ ಎಲೆ ಉದುರಲು ಶುರು, 95 ಎಂದರೆ ಅರ್ಧ ಉದುರಿದೆ, 97 ಎಂದರೆ ಬೋಳು. ಯಾವುದಾದರೂ ಸರಿ, ನಡುವೆ ಬದಲಿಸಬಾರದು.

ಒಂದೇ ಜಾತಿಯ 3ರಿಂದ 5 ಮರ ಆರಿಸಿಕೊಳ್ಳಿ. ಒಂದೇ ಮರವಾದರೆ ಅದು ರೋಗ ಬಂದದ್ದೋ ಬೇರು ಕಡಿದದ್ದೋ ಆಗಿದ್ದು ಲೆಕ್ಕವೆಲ್ಲ ಹಾಳಾಗುತ್ತದೆ. ಬೇಸಿಗೆ ಮುಗಿಯುವ ಮುಂಚೆಯೇ ಕಂದಾದ ಮರವನ್ನು ಬಿಟ್ಟುಬಿಡಿ, ಅದು ಬರದ ಇಲ್ಲವೆ ಎಲೆಕೊರಕ ಹುಳುವಿನ ಕೆಲಸ. ನಿಲ್ಲುವ ಜಾಗಕ್ಕೆ ಗುರುತಿರಲಿ. ವಾರಕ್ಕೆ ಎರಡು ಸಲ, ಅದೇ ಹೊತ್ತಿಗೆ ನೋಡಿ. ಇಳಿಬಿಸಿಲಿನಲ್ಲಿ ಹಸಿರೆಲೆಯೂ ಹೊಂಬಣ್ಣ ಕಾಣುವುದರಿಂದ ಸಂಜೆ ಬೇಡ. ಫೋನಿನ ಕ್ಯಾಮೆರಾ ತನಗೆ ತೋಚಿದಂತೆ ಬಣ್ಣ ಏರಿಸುತ್ತದೆ, ಚೌಕಟ್ಟಿನೊಳಗೆ ಒಂದು ಬಿಳಿ ಕಾಗದವಿದ್ದರೆ ಆಮೇಲೆ ಸರಿಪಡಿಸಬಹುದು.

ಹೆಚ್ಚು ಜನ ಎಡವುವುದು ಶೇಕಡಾವಾರಿನಲ್ಲಿ. ಬಣ್ಣ ತಿರುಗಿದ್ದು ಶೇ. 50 ಎಂದರೆ ಮರದಲ್ಲಿ ಉಳಿದ ಎಲೆಗಳಲ್ಲೋ, ಮೊದಲಿದ್ದ ಎಲ್ಲ ಎಲೆಗಳಲ್ಲೋ? ಬಣ್ಣದ ಎಲೆಯೇ ಮೊದಲು ಉದುರುವುದರಿಂದ ಉಳಿದದ್ದನ್ನು ಮಾತ್ರ ನೋಡಿದರೆ ಮರ ಮತ್ತೆ ಹಸಿರಾದಂತೆ ಲೆಕ್ಕ ಬರುತ್ತದೆ. ಆದ್ದರಿಂದ ಪುಟದಲ್ಲಿ ಬಣ್ಣಕ್ಕೊಂದು ಕಾಲಂ, ಉದುರಿದ್ದಕ್ಕೊಂದು. ಕೈಗೆಟುಕುವ ರೆಂಬೆಯಲ್ಲಿ 10 ಎಲೆಗಳ ಪಕ್ಕ ಸಡಿಲವಾಗಿ ದಾರ ಕಟ್ಟಿಟ್ಟರೆ ಅಂದಾಜನ್ನು ತಾಳೆನೋಡಬಹುದು; ದಾರ ತೊಟ್ಟಿಗಲ್ಲ, ರೆಂಬೆಗೆ. ದಿನಾಂಕ ಯಾವಾಗಲೂ ಜೋಡಿಯಾಗಿರಲಿ. 3ರಂದು ಇರಲಿಲ್ಲ, 7ರಂದು ಇತ್ತು ಎಂದಾದರೆ ಎರಡನ್ನೂ ಬರೆಯಿರಿ, ನಡುವಿನ 5 ಎಂದು ಊಹಿಸಿ ಬರೆಯಬೇಡಿ. ಬಿರುಗಾಳಿ ಬಂದ ದಿನವನ್ನು ಬೇರೆ ಗುರುತುಮಾಡಿ. ಗಿಂಕೊ ಇದ್ದರೆ ಗಟ್ಟಿ ಹಿಮ ಕಟ್ಟಿದ ಇರುಳಿನ ಮಾರನೆಯ ಬೆಳಗ್ಗೆ ತಪ್ಪದೆ ಹೋಗಿ, ಒಂದೆರಡು ದಿನದಲ್ಲಿ ಇಡೀ ಮರ ಖಾಲಿಯಾಗುವುದುಂಟು.

ಎಳೆಯ ಓಕ್ ಮತ್ತು ಬೀಚ್ ಮರಗಳ ಮುಂದೆ ಮಾತ್ರ 97, ಅಂದರೆ ಬೋಳು, ಎಂದು ಬರೆಯುವ ಆಸೆ ಬಿಡಿ. ಅವುಗಳ ಎಲೆ ಒಣಗಿಯೂ ಚಳಿಗಾಲವಿಡೀ ಕೆಳಗಿನ ಕೊಂಬೆಗಳಲ್ಲಿ ಗಲಗಲ ಎನ್ನುತ್ತಿರುತ್ತದೆ, ಕಳಚುವ ಪಟ್ಟಿಯ ಕೆಲಸ ಅರ್ಧಕ್ಕೆ ನಿಂತಿರುತ್ತದೆ. 'ಒಣಗಿ ನಿಂತಿದೆ' ಎಂದು ಬರೆದು ಪುಟದಲ್ಲಿ ಒಂದು ಸಾಲು ಖಾಲಿ ಬಿಡಿ. ಅದು ತುಂಬುವುದು ವಸಂತದ ಮೊಗ್ಗು ಉಬ್ಬುವ ಹೊತ್ತಿಗೆ.