ರಟ್ಟಿನ ತೂತು ಓದಬಲ್ಲ ಹುಡುಗಿ

ನಮಸ್ಕಾರ. ಬನಹಟ್ಟಿಯ ನೇಕಾರರ ಮನೆಯೊಂದರಲ್ಲಿ ಕಣ್ಣಾರೆ ಕಂಡದ್ದನ್ನು ಮೊದಲು ಹೇಳಿಬಿಡುತ್ತೇನೆ. ಮಗ್ಗದ ಮೇಲೆ, ಯಾವ ಎಳೆ ಏಳಬೇಕೆಂದು ಮಗ್ಗಕ್ಕೆ ತಿಳಿಸುವ, ತೂತು ಹೊಡೆದ ಜಕಾರ್ಡ್ ರಟ್ಟುಗಳ ಸರ ತೂಗುತ್ತಿತ್ತು. ಸೆರಗಿನ ಹೂವಿನಲ್ಲಿ ಒಂದು ಎಸಳು ಮಾತ್ರ ಪ್ರತಿ ಸಲವೂ ಮುರಿದು ಬರುತ್ತಿತ್ತು. ಒಂಬತ್ತನೇ ತರಗತಿಯ ಮಗಳು ನೂಲಿನ ಕಂಡಿಕೆ ಸುತ್ತುವುದನ್ನು ಬಿಟ್ಟು ಎದ್ದಳು. ರಟ್ಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, "ಅಪ್ಪಾ, ಇಲ್ಲಿ ಒಂದು ತೂತು ಮುಚ್ಚಿಕೊಂಡಿದೆ" ಎಂದಳು. ಅಪ್ಪ ಸೂಜಿಯಿಂದ ತೂತು ಬಿಡಿಸಿದರು. ಎಸಳು ಕೂಡಿತು.

ಅದೇ ಹುಡುಗಿ ಆಮೇಲೆ ನನಗೆ ಹೇಳಿದಳು: "ಕಂಪ್ಯೂಟರ್ ನಮ್ಮಂಥವರಿಗಲ್ಲ."

ನನಗೆ ಹೊಟ್ಟೆಯೊಳಗೆ ಸಂಕಟವಾಯಿತು. ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಏಳುವುದಿಲ್ಲ. ಕಂಪ್ಯೂಟರಿನ ಒಂದು ಮತ್ತು ಸೊನ್ನೆಯ ಲೆಕ್ಕವೂ ಇದೇ ಜಾತಿಯದು. ಫ್ರಾನ್ಸಿನಲ್ಲಿ 1804ರ ಸುಮಾರಿಗೆ ಬಂದ ಈ ರಟ್ಟಿನ ಉಪಾಯವನ್ನೇ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ತೆಗೆದುಕೊಂಡ. ಜಕಾರ್ಡ್ ಮಗ್ಗ ಹೂವು, ಎಲೆಗಳನ್ನು ನೇಯುವಂತೆ ಬ್ಯಾಬೇಜನ ಯಂತ್ರ ಬೀಜಗಣಿತದ ವಿನ್ಯಾಸಗಳನ್ನು ನೇಯುತ್ತದೆ ಎಂದು 1843ರಲ್ಲಿ ಬರೆದವಳು ಏಡಾ ಲವ್‌ಲೇಸ್, ಒಬ್ಬ ಹೆಣ್ಣುಮಗಳು. ಇಳಕಲ್, ಗುಳೇದಗುಡ್ಡ, ರಬಕವಿಯ ನೇಕಾರರ ಮಕ್ಕಳು ಈ ವಿದ್ಯೆಗೆ ಹೊರಗಿನವರು ಹೇಗಾದಾರು?

ಅವಳ ಶಾಲೆಯಲ್ಲಿ ಕಂಪ್ಯೂಟರ್ ಕೊಠಡಿ ಇದೆ, ಬೀಗವೂ ಇದೆ. ಹಾಳಾದೀತು ಎಂಬ ಭಯಕ್ಕೆ ಹಾಕಿದ ಬೀಗ. ಮಕ್ಕಳು ಮುಟ್ಟದೆಯೂ ಆ ಕಂಪ್ಯೂಟರುಗಳು ಧೂಳು ಹಿಡಿದು ಹಾಳಾಗುತ್ತಿವೆ, ಅದು ಯಾರಿಗೂ ನಷ್ಟವೆನಿಸುವುದಿಲ್ಲ. ವರ್ಷಕ್ಕೊಮ್ಮೆ ಯಾರೋ ಬಂದು ದೊಡ್ಡ ಕನಸು ಕಾಣಿರಿ ಎಂದು ಭಾಷಣ ಮಾಡಿ ಹೋಗುತ್ತಾರೆ. ಆ ಭಾಷಣಕ್ಕಿಂತ, ಅದೇ ಓಣಿಯಿಂದ ಪಾಲಿಟೆಕ್ನಿಕ್‌ಗೆ ಹೋಗುವ ಅಕ್ಕನೊಬ್ಬಳು ಭಾನುವಾರ ಒಂದು ಗಂಟೆ ಪಕ್ಕದಲ್ಲಿ ಕೂತರೆ ಸಾಕು. ಊರು ಬಿಟ್ಟು ಕೆಲಸಕ್ಕೆ ಹೋದವರೇ, ಹಬ್ಬಕ್ಕೆ ಬರುವಾಗ ನಿಮ್ಮ ಹಳೆಯ ಲ್ಯಾಪ್‌ಟಾಪ್ ತನ್ನಿ, ಮಕ್ಕಳ ಕೈಗೆ ಕೊಡಿ.

ತಂದೆ ತಾಯಂದಿರಿಗೂ ಒಂದು ಮಾತು. ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ಮೂರು ವರ್ಷದ ಡಿಪ್ಲೊಮಾ ಮಾಡಿದರೆ, ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಪಿಯುಸಿ ಓದಿ ಸಿಇಟಿ ಬರೆಯುವವರಿಗೆ, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ. 5ರಷ್ಟು ಸೀಟುಗಳ ಮೀಸಲಾತಿ ಇದೆ. ಹಳ್ಳಿಯ ಶಾಲೆಯಲ್ಲಿ ಓದಿದ್ದರೆ ಶೇ. 15. ಇದಕ್ಕೆ ಶಾಲೆಯ ಪ್ರಮಾಣಪತ್ರ ಬೇಕು. ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿ. ಕೊನೆಯ ವಾರದಲ್ಲಿ ಓಡಾಡಿ ಕಣ್ಣೀರು ಹಾಕಬೇಡಿ, ಫಲಿತಾಂಶ ಬರುವ ಮೊದಲೇ ಮಾಡಿಸಿಡಿ.